ಲಿನಕ್ಸ್‌ನಲ್ಲಿ ಜಪಾನಿ ಟೈಪಿಂಗ್: ‘ಅವಕಾಶ ಕೆಟ್ಟಿದೆ’ ಅಂತ ಬರೆದವನ ಟಿಪ್ಪಣಿ

ಬಿಡದಿ ಹತ್ತಿರ ಗಾಡಿಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ನನಗೆ ಕೆಲಸ. ಮೇಲಿನವರು ಜಪಾನಿನವರು. ಇಂಗ್ಲಿಷ್‌ನಲ್ಲೇ ಎಲ್ಲ ನಡೆಯುತ್ತದೆ. ಆದರೂ ಅವರ ಭಾಷೆಯಲ್ಲಿ ನಾಲ್ಕು ಸಾಲು ಬರೆದರೆ ಉತ್ತರ ಬೇಗ ಬರುತ್ತದೆ. ಆ ಆಸೆಗೆ ಬಿದ್ದು ಕಳಿಸಿದ ಮೊದಲ ಮೇಲ್‌ನಲ್ಲೇ ನಾನು ಬರೆದದ್ದು, ‘ಎರಡನೇ ಲೈನಿನ ಅವಕಾಶ ಕೆಟ್ಟುಹೋಗಿದೆ.’ ಬರೆಯಬೇಕಿದ್ದದ್ದು ಯಂತ್ರ ಕೆಟ್ಟುಹೋಗಿದೆ ಅಂತ. ಜಪಾನಿಯಲ್ಲಿ ಯಂತ್ರವೂ ಕಿಕಾಯ್, ಅವಕಾಶವೂ ಕಿಕಾಯ್. ಉಚ್ಚಾರ ಒಂದೇ, ಅಕ್ಷರ ಬೇರೆ. ಕಂಪ್ಯೂಟರ್ ಒಂದನ್ನು ಮುಂದೆ ಹಿಡಿಯಿತು, ನಾನು ನೋಡದೆ ಎಂಟರ್ ಒತ್ತಿದೆ.

ಆಮೇಲೆ ಮನೆಯ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್‌ನ ಒಂದು ರೂಪವಾದ ಉಬುಂಟು 24.04 ಹಾಕಿಕೊಂಡು, ಜಪಾನಿ ಟೈಪಿಂಗ್ ಸರಿಯಾಗಿ ಕಲಿತೆ. ಜೊತೆಯವರಲ್ಲಿ ಮೂರ್ನಾಲ್ಕು ಮಂದಿ ‘ಹೇಗೆ ಮಾಡಿದಿರಿ’ ಅಂತ ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಕಪ್ಪು ಪರದೆಯ ಆಜ್ಞೆಗಳು ಇಲ್ಲಿ ಇಲ್ಲ. ಎಲ್ಲ ಮೌಸ್‌ನಲ್ಲೇ ಆಗುತ್ತದೆ.

ಶುರು ಮಾಡುವ ಮೊದಲು ಒಂದು ವಿಷಯ ತಲೆಯಲ್ಲಿರಲಿ. ಕನ್ನಡದಲ್ಲಿ ನೀವು ಯಾವ ಕೀ ಒತ್ತಿದರೆ ಯಾವ ಅಕ್ಷರ ಅನ್ನುವುದು ಮೊದಲೇ ಗೊತ್ತು. ಕೀಲಿಮಣೆಯ ವಿನ್ಯಾಸವೊಂದು ಇದ್ದರೆ ಸಾಕು. ಜಪಾನಿಯಲ್ಲಿ ಹಾಗಾಗುವುದಿಲ್ಲ. ಅಲ್ಲಿನ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ದಿನಬಳಕೆಯ ಕಾಂಜಿ (ಚೀನೀ ಮೂಲದ ಅಕ್ಷರ) ಪಟ್ಟಿಯಲ್ಲೇ 2,136 ಅಕ್ಷರಗಳಿವೆ. ಅಷ್ಟು ಕೀ ಎಲ್ಲಿಂದ ತರುವುದು? ಹಾಗಾಗಿ ನಾವು ಉಚ್ಚಾರವನ್ನು ಟೈಪ್ ಮಾಡುತ್ತೇವೆ, ಒಂದು ಪ್ರೋಗ್ರಾಂ ಅದನ್ನು ಕಾಂಜಿಗೆ ಬದಲಾಯಿಸಿ ‘ಇದೇನಾ?’ ಅಂತ ತೋರಿಸುತ್ತದೆ. ಈ ಉಪಾಯದ ಮೇಲೆ ನಡೆದ ಮೊದಲ ಜಪಾನಿ ವರ್ಡ್ ಪ್ರೊಸೆಸರ್ ತೋಷಿಬಾದ ಜೆಡಬ್ಲ್ಯು-10. 1978ರಲ್ಲಿ ಬಂತು. ಬೆಲೆ 63 ಲಕ್ಷ ಯೆನ್, ತೂಕ 220 ಕಿಲೋ. ಈಗ ಅದೇ ಕೆಲಸ ಪುಕ್ಕಟೆ ಆಗುತ್ತದೆ.

ಲಿನಕ್ಸ್‌ನಲ್ಲಿ ಈ ಕೆಲಸ ಇಬ್ಬರ ನಡುವೆ ಹಂಚಿಹೋಗಿದೆ. ಒಬ್ಬ ಅಂಚೆಯವನು, ಒಬ್ಬ ಪಂಡಿತ. ನೀವು ಒತ್ತಿದ ಕೀಗಳನ್ನು ಬ್ರೌಸರ್‌ನಿಂದಲೋ ಎಡಿಟರ್‌ನಿಂದಲೋ ಎತ್ತಿಕೊಂಡು ಹೋಗಿ, ಉತ್ತರ ತಂದು ಕೊಡುವವನು ಅಂಚೆಯವನು. ಉಬುಂಟುವಿನಲ್ಲಿ ಅವನ ಹೆಸರು ಐಬಸ್. ಕೆಡಿಇ ಎಂಬ ಇನ್ನೊಂದು ಡೆಸ್ಕ್‌ಟಾಪ್ ಬಳಸುವವರಲ್ಲಿ ಎಫ್‌ಸಿಐಟಿಎಕ್ಸ್ 5 ಜಾಸ್ತಿ. ಉಚ್ಚಾರ ನೋಡಿ ಕಾಂಜಿ ಹೇಳುವವನು ಪಂಡಿತ. ಅವನ ಹೆಸರು ಮೊಝ್ಕ್. ಇಂಗ್ಲಿಷ್‌ನಲ್ಲಿ ಹುಡುಕುವಾಗ ಎಂ, ಓ, ಝಡ್, ಸಿ, ನಾಲ್ಕೇ ಅಕ್ಷರ. ಗೂಗಲ್‌ನ ಜಪಾನಿ ಟೈಪಿಂಗ್ ತಂತ್ರಾಂಶ 2009ರ ಡಿಸೆಂಬರ್‌ನಲ್ಲಿ ಬಂತು. ಅದರಿಂದ ಹೊರತೆಗೆದ ಮುಕ್ತ ರೂಪ ಇದು, 2010ರದ್ದು. ಅಂಥಿ ಅಂತ ಇನ್ನೊಬ್ಬ ಹಳೇ ಪಂಡಿತನಿದ್ದಾನೆ. ಕ್ಯೋಟೋ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕೂಟದಿಂದ ಬಂದವನು. ಉದ್ದ ವಾಕ್ಯ ಕೊಟ್ಟರೆ ಜಾಸ್ತಿ ತಡವರಿಸುತ್ತಾನೆ. ನಾನು ಬಿಟ್ಟುಬಿಟ್ಟೆ.

ಏನಾದರೂ ಕೆಟ್ಟರೆ ಮೊದಲು ಕೇಳಬೇಕಾದ್ದು: ತೊಂದರೆ ಅಂಚೆಯವನದ್ದಾ, ಪಂಡಿತನದ್ದಾ? ಎಷ್ಟು ಟೈಪ್ ಮಾಡಿದರೂ ಬರೀ ಇಂಗ್ಲಿಷ್ ಬರುತ್ತಿದ್ದರೆ ಸಾಮಾನ್ಯವಾಗಿ ಅಂಚೆಯವನು ಎದ್ದಿಲ್ಲ. ತಪ್ಪು ಕಾಂಜಿ ಬರುತ್ತಿದ್ದರೆ ಪಂಡಿತನ ಜೊತೆ ಮಾತಾಡಬೇಕು. ನಾನು ಮೊದಲ ವಾರ ಇದು ತಿಳಿಯದೆ ಐಬಸ್, ಎಫ್‌ಸಿಐಟಿಎಕ್ಸ್ ಎರಡನ್ನೂ ಹಾಕಿಕೊಂಡಿದ್ದೆ. ಒಂದು ಆ್ಯಪ್‌ನಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು, ಮೂರನೆಯದರಲ್ಲಿ ಯಾವುದೂ ಇಲ್ಲ. ಇಬ್ಬರು ಅಂಚೆಯವರನ್ನು ಒಂದೇ ಬೀದಿಗೆ ಬಿಡಬೇಡಿ.

ಈಗ ಉಬುಂಟು. ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅದರೊಳಗೆ ರೀಜನ್ ಅಂಡ್ ಲ್ಯಾಂಗ್ವೇಜ್, ಅಲ್ಲಿ ಮ್ಯಾನೇಜ್ ಇನ್‌ಸ್ಟಾಲ್ಡ್ ಲ್ಯಾಂಗ್ವೇಜಸ್. ಹೊಸ ಕಿಟಕಿ ಬರುತ್ತದೆ. ಇನ್‌ಸ್ಟಾಲ್ ರಿಮೂವ್ ಲ್ಯಾಂಗ್ವೇಜಸ್ ಒತ್ತಿ, ಜಾಪನೀಸ್ ಮುಂದೆ ಗುರುತು ಹಾಕಿ, ಅಪ್ಲೈ ಮಾಡಿ. ಮೊಝ್ಕ್, ಅದರ ಸೆಟ್ಟಿಂಗ್ ಕಿಟಕಿ, ಅಕ್ಷರಗಳ ಫಾಂಟ್, ಎಲ್ಲ ಒಟ್ಟಿಗೆ ಇಳಿಯುತ್ತವೆ. ನಿಮ್ಮ ಡೆಸ್ಕ್‌ಟಾಪ್ ಜಪಾನಿ ಆಗಿಬಿಡುತ್ತದೆ ಅನ್ನುವ ಭಯ ಬೇಡ. ಮೆನುಗಳು ಇಂಗ್ಲಿಷ್‌ನಲ್ಲೇ ಇರುತ್ತವೆ. ಇಳಿದ ಮೇಲೆ ಲಾಗೌಟ್ ಮಾಡಿ ಒಳಗೆ ಬನ್ನಿ. ‘ಸುಮ್ನೆ ಯಾಕೆ’ ಅಂತ ಈ ಹೆಜ್ಜೆ ಬಿಟ್ಟವರೇ ಆಮೇಲೆ ನನಗೆ ಫೋನ್ ಮಾಡಿದ್ದು.

ಮತ್ತೆ ಸೆಟ್ಟಿಂಗ್ಸ್, ಕೀಬೋರ್ಡ್, ಇನ್‌ಪುಟ್ ಸೋರ್ಸಸ್. ಪ್ಲಸ್ ಗುರುತು ಒತ್ತಿ ಜಾಪನೀಸ್ ಹುಡುಕಿ. ಪಟ್ಟಿಯಲ್ಲಿ ಕಾಣದಿದ್ದರೆ ಕೆಳಗಿನ ಮೂರು ಚುಕ್ಕೆ ಒತ್ತಿ ಅದರ್ ಅಂತ ಇರುವಲ್ಲಿ ನೋಡಿ. ಇಲ್ಲೇ ಎಡವಿ ಬೀಳುವ ಒಂದು ಗುಂಡಿ ಇದೆ. ಬರೀ ‘ಜಾಪನೀಸ್’ ಅಂತ ಒಂದು ಸಾಲು, ‘ಜಾಪನೀಸ್ ಮೊಝ್ಕ್’ ಅಂತ ಇನ್ನೊಂದು. ಮೊದಲನೆಯದು ಬರೀ ಕೀಲಿಮಣೆ ವಿನ್ಯಾಸ, ಒಳಗೆ ಪಂಡಿತ ಇಲ್ಲ. ನಾನು ಅದನ್ನೇ ಆರಿಸಿದ್ದೆ. ಜಪಾನಿ ಅಕ್ಷರ ಒಂದೂ ಬರಲಿಲ್ಲ. ಸಂಜೆ ಪರದೆ ಲಾಕ್ ಆದ ಮೇಲೆ ಪಾಸ್‌ವರ್ಡ್ ಕೂಡ ತೆಗೆದುಕೊಳ್ಳಲಿಲ್ಲ! ನನ್ನ ಪಾಸ್‌ವರ್ಡ್‌ನಲ್ಲಿ @ ಇದೆ. ಜಪಾನಿನ ಕೀಲಿಮಣೆಯಲ್ಲಿ @ ಇರುವುದು ‘ಪಿ’ ಕೀಯ ಬಲಕ್ಕೆ. ಶಿಫ್ಟ್ ಹಿಡಿದು 2 ಒತ್ತಿದರೆ ಅಲ್ಲಿ ಉದ್ಧರಣ ಚಿಹ್ನೆ ಬರುತ್ತದೆ. ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಬರೀ ಚುಕ್ಕೆ ಕಾಣುವುದರಿಂದ ತಪ್ಪು ಎಲ್ಲಿ ಅಂತ ಗೊತ್ತಾಗುವುದೂ ಇಲ್ಲ. ಪಟ್ಟಿಯಿಂದ ಬರೀ ಜಾಪನೀಸ್ ತೆಗೆದುಹಾಕಿ. ಇಂಗ್ಲಿಷ್ ಮೊದಲು, ಮೊಝ್ಕ್ ಆಮೇಲೆ, ಅಷ್ಟೇ ಇರಲಿ.

ಭಾಷೆ ಬದಲಿಸಲು ವಿಂಡೋಸ್ ಚಿಹ್ನೆಯ ಕೀ ಹಿಡಿದು ಸ್ಪೇಸ್ ಒತ್ತಿ. ಇನ್ನೂ ಇಂಗ್ಲಿಷೇ ಬರುತ್ತಿದೆಯಾ? ಗಾಬರಿ ಬೇಡ. ಮೊಝ್ಕ್ ಎದ್ದ ಕೂಡಲೇ ‘ನೇರ ಟೈಪಿಂಗ್’ ಸ್ಥಿತಿಯಲ್ಲಿ ಕೂತಿರುತ್ತದೆ. ಮೇಲಿನ ಪಟ್ಟಿಯ ಗುರುತನ್ನು ಒತ್ತಿ, ಇನ್‌ಪುಟ್ ಮೋಡ್‌ನಲ್ಲಿ ಹಿರಗಾನ, ಅಂದರೆ ಜಪಾನಿಯ ಉಚ್ಚಾರದ ಅಕ್ಷರಮಾಲೆ, ಆರಿಸಿ. ಇದನ್ನು ಪ್ರತಿ ಸಲ ಮಾಡುವುದು ತಲೆನೋವು. ತಪ್ಪಿಸಲು ಒಂದು ದಾರಿ ಇದೆ. ಫೈಲ್ಸ್ ತೆರೆದು, ಹೋಮ್ ಫೋಲ್ಡರ್‌ನಲ್ಲಿ ಕಂಟ್ರೋಲ್ ಹಿಡಿದು ಎಚ್ ಒತ್ತಿದರೆ ಅಡಗಿರುವ ಫೋಲ್ಡರ್‌ಗಳು ಕಾಣುತ್ತವೆ. ಚುಕ್ಕೆಯಿಂದ ಶುರುವಾಗುವ ಕಾನ್ಫಿಗ್ ಫೋಲ್ಡರ್, ಅದರೊಳಗೆ ಮೊಝ್ಕ್, ಅದರೊಳಗೆ ಐಬಸ್ ಕಾನ್ಫಿಗ್ ಅಂತ ಶುರುವಾಗುವ ಒಂದು ಫೈಲ್. ಅದರಲ್ಲಿ ಆಕ್ಟಿವ್ ಆನ್ ಲಾಂಚ್ ಎಂಬ ಸಾಲಿನ ಮುಂದೆ ಫಾಲ್ಸ್ ಅಂತ ಇರುತ್ತದೆ. ಅದನ್ನು ಟ್ರೂ ಮಾಡಿ, ಉಳಿಸಿ, ಲಾಗೌಟ್ ಆಗಿ ಬನ್ನಿ. ಇನ್ನು ಮೇಲೆ ನೇರವಾಗಿ ಹಿರಗಾನದಲ್ಲೇ ಏಳುತ್ತದೆ. ಮೊಝ್ಕ್‌ಗೆ ಹೋದಾಗಲೂ @ ಜಾಗ ಬದಲಾಗುತ್ತಿದ್ದರೆ ಇದೇ ಫೈಲ್‌ನಲ್ಲಿ ಲೇಔಟ್ ಅನ್ನುವ ಮಾತಿನ ಮುಂದೆ ಡಿಫಾಲ್ಟ್ ಅಂತ ಇದೆಯಾ ನೋಡಿ.

ಇಲ್ಲಿಗೆ ಅಂಚೆಯವನ ಕೆಲಸ ಮುಗಿಯಿತು. ಇನ್ನು ಮಜಾ ಇರುವುದು ಟೈಪಿಂಗ್‌ನಲ್ಲಿ.

ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರ ಬರೆಯುತ್ತಾ ಹೋದರೆ ಹಿರಗಾನ ಮೂಡುತ್ತದೆ. ಬರಹ, ನುಡಿ ಬಳಸಿದವರಿಗೆ ಕೈ ಬೇಗ ಕೂರುತ್ತದೆ. ಒತ್ತಕ್ಷರವಂತೂ ನಮಗೆ ಹುಟ್ಟಿನಿಂದ ಬಂದದ್ದು. ಜಪಾನಿಯಲ್ಲಿ ಕಿತೆ ಅಂದರೆ ‘ಬಾ’. ಕಿತ್ತೆ ಅಂದರೆ ಅಂಚೆಚೀಟಿ. ವ್ಯತ್ಯಾಸ ಬರೆಯಲು ‘ಟಿ’ ಕೀಯನ್ನು ಎರಡು ಸಲ ಒತ್ತಿದರೆ ಸಾಕು. ಇಂಗ್ಲಿಷ್ ಮಾತ್ರ ಗೊತ್ತಿರುವವರು ಇಲ್ಲಿ ವಾರಗಟ್ಟಲೆ ಒದ್ದಾಡುತ್ತಾರೆ. ನಮಗೆ ಕಿತ್ತೆ ಅಂದರೆ ಗಿಡವೋ ಹಲ್ಲೋ ನೆನಪಾಗುತ್ತದೆ ಅನ್ನುವುದು ಬೇರೆ ಮಾತು.

ನಾವು ಎಡವುವುದು ‘ಎನ್’ನಲ್ಲಿ. ಅನುಸ್ವಾರದ ಹಾಗೆ ಇರುವ ಒಂದು ಅಕ್ಷರ ಅವರಲ್ಲಿದೆ. ಅದನ್ನು ಖಚಿತವಾಗಿ ಬರೆಯಲು ಎನ್ ಎರಡು ಸಲ ಒತ್ತಬೇಕು. ಮುಂದೆ ಬೇರೆ ವ್ಯಂಜನ ಬಂದರೆ ಒಂದೇ ಸಾಕು, ಸ್ವರವೋ ‘ನ’ವೋ ‘ಯ’ವೋ ಬಂದರೆ ಸಾಲದು. ಕಿನೆನ್ ಅಂದರೆ ಸ್ಮರಣೆ. ಕಿಂಎನ್ ಅಂದರೆ ಧೂಮಪಾನ ನಿಷೇಧ. ನಡುವೆ ಒಂದೇ ಎನ್ ಒತ್ತಿದರೆ ನಿಮ್ಮ ‘ಸಿಗರೇಟ್ ಸೇದಬಾರದು’ ಬೋರ್ಡು ಸ್ಮಾರಕವಾಗಿಬಿಡುತ್ತದೆ. ಕೊನ್ನಿಚಿವಾ ಬರೆಯಲು ಎನ್ ಮೂರು ಸಲ ಬೇಕು: ಎರಡು ಆ ಅನುಸ್ವಾರಕ್ಕೆ, ಒಂದು ‘ನಿ’ಗೆ. ಕೊನೆಯ ವಾ ಕೂಡ ‘ಡಬ್ಲ್ಯು’ ಅಲ್ಲ, ‘ಎಚ್, ಎ’. ಯಾಕೆಂದರೆ ಅದು ವಾಕ್ಯದ ವಿಷಯ ತೋರಿಸುವ ಪ್ರತ್ಯಯ. ಕೇಳುವುದು ವಾ, ಬರೆಯುವುದು ಹ. ಹಾಗೆಯೇ ‘ಅನ್ನು’ ಅರ್ಥದ ಓ ಪ್ರತ್ಯಯಕ್ಕೆ ‘ಡಬ್ಲ್ಯು, ಓ’. ಉದ್ದ ಸ್ವರದ ಗೆರೆಗೆ ಇಂಗ್ಲಿಷ್‌ನ ಅಡ್ಡಗೆರೆ ಕೀ.

‘ದಿ’ ಉಚ್ಚಾರಕ್ಕೂ ಒಂದು ಗಂಟು ಇದೆ. ‘ಡಿ, ಐ’ ಒತ್ತಿದರೆ ‘ಜಿ’ ಅಂತ ಓದುವ ಅಕ್ಷರ ಬರುತ್ತದೆ. ‘ಡಿ, ಎಚ್, ಐ’ ಒತ್ತಬೇಕು. ಬಿಡದಿ ಬರೆಯಲು ಹೋಗಿ ಎಷ್ಟೋ ದಿನ ಬಿಡಜಿ ಅಂತ ಬರೆದಿದ್ದೇನೆ. ‘ತಿ’ ಉಚ್ಚಾರಕ್ಕೂ ಇದೇ ಲೆಕ್ಕ, ‘ಟಿ, ಎಚ್, ಐ’ ಒತ್ತಬೇಕು.

ವಾಕ್ಯ ಟೈಪ್ ಆದ ಮೇಲೆ ಸ್ಪೇಸ್ ಒತ್ತಿದರೆ ಕಾಂಜಿಗೆ ಬದಲಾಗುತ್ತದೆ. ಸರಿ ಇದ್ದರೆ ಎಂಟರ್. ಇಲ್ಲದಿದ್ದರೆ ಮತ್ತೆ ಸ್ಪೇಸ್, ಪಟ್ಟಿ ತೆರೆಯುತ್ತದೆ. ಒಂದೊಂದೇ ಪದಕ್ಕೆ ಸ್ಪೇಸ್ ಒತ್ತಬೇಡಿ. ನಾನು ಕಿಕಾಯ್ ಅಂತ ಬರೀ ಪದ ಕೊಟ್ಟೆ, ಪಂಡಿತನಿಗೆ ಸಂದರ್ಭ ಸಿಗಲಿಲ್ಲ. ‘ಯಂತ್ರ ಕೆಟ್ಟಿದೆ’ ಅಂತ ಇಡೀ ಸಾಲು ಕೊಟ್ಟಿದ್ದರೆ ಸರಿಯಾದದ್ದನ್ನೇ ಆರಿಸುವ ಸಾಧ್ಯತೆ ಜಾಸ್ತಿ ಇತ್ತು. ಪಟ್ಟಿಯಲ್ಲಿ ಒಂದೇ ಉಚ್ಚಾರದ ಪದಗಳು ಬಂದಾಗ ಪಕ್ಕದಲ್ಲೇ ಪುಟ್ಟ ಅರ್ಥವನ್ನೂ ಮೊಝ್ಕ್ ತೋರಿಸುವುದುಂಟು. ನಾನು ಅದನ್ನೂ ನೋಡಿರಲಿಲ್ಲ.

ಪದ ಎಲ್ಲಿ ಒಡೆಯಬೇಕು ಅನ್ನುವುದು ಇನ್ನೊಂದು ಜಗಳ. ಜಪಾನಿಯಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ. ‘ಕ್ಯೊಉಹಇಶನಿಇಕು’ ಅಂತ ಟೈಪ್ ಮಾಡಿ ನೋಡಿ. ಕ್ಯೊಉಹ, ಇಶ ಅಂತ ಒಡೆದರೆ ‘ಇವತ್ತು ಡಾಕ್ಟರ ಹತ್ತಿರ ಹೋಗುತ್ತೇನೆ’. ಕ್ಯೊಉ, ಹಇಶ ಅಂತ ಒಡೆದರೆ ‘ಇವತ್ತು ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆ’. ನಮ್ಮ ಸಂಧಿ ಬಿಡಿಸಿದ ಹಾಗೇ. ಪಂಡಿತ ತಪ್ಪಾಗಿ ಒಡೆದರೆ, ಸ್ಪೇಸ್ ಒತ್ತಿದ ಮೇಲೆ ಶಿಫ್ಟ್ ಹಿಡಿದು ಎಡ ಅಥವಾ ಬಲ ಬಾಣದ ಕೀ ಒತ್ತಿ. ಅಡಿಗೆರೆ ಹಾಕಿದ ತುಂಡು ಉದ್ದ ಅಥವಾ ಗಿಡ್ಡ ಆಗುತ್ತದೆ. ಬರೀ ಬಾಣದ ಕೀ ಒತ್ತಿದರೆ ಪಕ್ಕದ ತುಂಡಿಗೆ ಹೋಗುತ್ತೀರಿ. ಈ ಒಂದು ಚಾಕಚಕ್ಯತೆ ಬಂದರೆ ಟೈಪಿಂಗ್ ವೇಗ ಎರಡರಷ್ಟಾದ ಹಾಗೆ ಅನ್ನಿಸುತ್ತದೆ. ನನಗೆ ಅದು ಗೊತ್ತಾಗಲು ಆರು ತಿಂಗಳು ಹಿಡಿಯಿತು. ಅಲ್ಲಿವರೆಗೆ ಅಳಿಸಿ ಅಳಿಸಿ ಬರೆಯುತ್ತಿದ್ದೆ.

ಟೈಪ್ ಮಾಡಿದ್ದನ್ನು ಎಂಟರ್ ಒತ್ತುವ ಮೊದಲು ಬದಲಿಸಲು ಎಫ್6 ಹಿರಗಾನಕ್ಕೆ, ಎಫ್7 ಹೊರಗಿನ ಪದಗಳಿಗೆ ಬಳಸುವ ಕತಕಾನ ಅಕ್ಷರಕ್ಕೆ, ಎಫ್10 ಇಂಗ್ಲಿಷ್‌ಗೆ. ನಮ್ಮ ಹೆಸರು, ಊರು ಎಲ್ಲ ಕತಕಾನದಲ್ಲಿ ಬರೆಯಬೇಕಾದ್ದರಿಂದ ಎಫ್7 ಮರೆಯಬೇಡಿ. ಲ್ಯಾಪ್‌ಟಾಪಿನಲ್ಲಿ ಎಫ್7 ಒತ್ತಿದರೆ ಪರದೆಯ ಬೆಳಕು ಬದಲಾಗುತ್ತಿದ್ದರೆ ಎಫ್‌ಎನ್ ಕೀ ಜೊತೆಗೆ ಒತ್ತಿ. ಎಂಟರ್ ಒತ್ತಿದ ಮೇಲೆ ತಪ್ಪು ಕಂಡರೆ ಕಂಟ್ರೋಲ್ ಹಿಡಿದು ಬ್ಯಾಕ್‌ಸ್ಪೇಸ್. ಒಪ್ಪಿಕೊಂಡದ್ದನ್ನು ಪಂಡಿತ ವಾಪಸ್ ತೆಗೆದುಕೊಳ್ಳುತ್ತಾನೆ. ಕೆಲವು ಆ್ಯಪ್‌ಗಳಲ್ಲಿ ಇದು ಕೆಲಸ ಮಾಡುವುದಿಲ್ಲ. ಇನ್ನೊಂದು ಸಣ್ಣ ಖುಷಿ: ಕ್ಯೊಉ, ಅಂದರೆ ‘ಇವತ್ತು’ ಅಂತ ಬರೆದು ಸ್ಪೇಸ್ ಒತ್ತುತ್ತಾ ಹೋದರೆ ಪಟ್ಟಿಯಲ್ಲಿ ಇವತ್ತಿನ ತಾರೀಕೇ ಬರುತ್ತದೆ, 2019ರಲ್ಲಿ ಶುರುವಾದ ರೇವಾ ಯುಗದ ಲೆಕ್ಕದಲ್ಲೂ. ರಿಪೋರ್ಟಿನ ತಲೆಗೆ ಇದು ತುಂಬ ಅನುಕೂಲ.

ಜಪಾನಿನ ಕೀಲಿಮಣೆಯಲ್ಲಿ ಇಂಗ್ಲಿಷ್‌ಗೂ ಜಪಾನಿಗೂ ಹಾರಲು ಎಡ ಮೂಲೆಯಲ್ಲೇ ಒಂದು ಕೀ ಇರುತ್ತದೆ. ನಮ್ಮಲ್ಲಿ ಸಿಗುವ ಲ್ಯಾಪ್‌ಟಾಪ್‌ಗಳಲ್ಲಿ ಅದು ಇಲ್ಲ. ನಾನು ಮೊಝ್ಕ್ ಸೆಟ್ಟಿಂಗ್‌ನ ಕೀಮ್ಯಾಪ್ ಪಟ್ಟಿಯಲ್ಲಿ ಕಂಟ್ರೋಲ್ ಜೊತೆ ಸ್ಪೇಸ್ ಅನ್ನು ಆ ಕೆಲಸಕ್ಕೆ ಹಾಕಿಕೊಂಡೆ. ನೇರ ಟೈಪಿಂಗ್ ಸ್ಥಿತಿಗೆ ಒಂದು ಸಾಲು, ಹಿರಗಾನ ಸ್ಥಿತಿಗೆ ಇನ್ನೊಂದು ಸಾಲು, ಎರಡೂ ಸೇರಿಸಬೇಕು. ಒಂದೇ ಸೇರಿಸಿದರೆ ಹೋಗಬಹುದು, ವಾಪಸ್ ಬರಲಾಗುವುದಿಲ್ಲ.

ಕೆಡಿಇ ಇರುವವರಿಗೆ ಬೇಗ ಹೇಳಿಬಿಡುತ್ತೇನೆ. ತಂತ್ರಾಂಶ ಇಳಿಸುವ ಸಿನಾಪ್ಟಿಕ್‌ನಲ್ಲಿ ಎಫ್‌ಸಿಐಟಿಎಕ್ಸ್ 5, ಅದರ ಮೊಝ್ಕ್, ಅದರ ಕಾನ್ಫಿಗ್ ಉಪಕರಣ ಮೂರನ್ನೂ ಹಾಕಿ. ಪರದೆ ನಡೆಸುವ ವ್ಯವಸ್ಥೆ ವೇಲ್ಯಾಂಡ್ ಆಗಿದ್ದರೆ ಸಿಸ್ಟಮ್ ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗದಲ್ಲಿ ವರ್ಚುವಲ್ ಕೀಬೋರ್ಡ್ ಅಂತ ಒಂದು ಪುಟ ಇದೆ. ಅಲ್ಲಿ ಎಫ್‌ಸಿಐಟಿಎಕ್ಸ್ 5 ಆರಿಸಬೇಕು. ಹೆಸರು ನೋಡಿದರೆ ಯಾರಿಗೂ ಹೊಳೆಯುವುದಿಲ್ಲ, ಅಲ್ವಾ? ಆಮೇಲೆ ಇನ್‌ಪುಟ್ ಮೆಥಡ್ ಸೇರಿಸುವಾಗ ಪಟ್ಟಿಯಲ್ಲಿ ಮೊಝ್ಕ್ ಕಾಣದಿದ್ದರೆ ‘ಓನ್ಲಿ ಶೋ ಕರೆಂಟ್ ಲ್ಯಾಂಗ್ವೇಜ್’ ಎಂಬ ಗುರುತು ತೆಗೆಯಿರಿ. ಲಿನಕ್ಸ್ ಮಿಂಟ್‌ನಲ್ಲಿ ಮೆನುವಿನಲ್ಲೇ ಇನ್‌ಪುಟ್ ಮೆಥಡ್ ಅಂತ ಇದೆ. ಎಡಗಡೆ ಜಾಪನೀಸ್ ಒತ್ತಿದರೆ ಏನೇನು ಮಾಡಬೇಕು ಅಂತ ಅದೇ ಹೇಳುತ್ತದೆ.

ಅಕ್ಷರದ ಜಾಗದಲ್ಲಿ ಖಾಲಿ ಚೌಕ ಕಂಡರೆ ಅದು ಅಂಚೆಯವನದ್ದೂ ಅಲ್ಲ, ಪಂಡಿತನದ್ದೂ ಅಲ್ಲ, ಫಾಂಟ್‌ನದ್ದು. ಆ ಚೌಕಕ್ಕೆ ತೋಫು ಅಂತಾರೆ, ಅದೇ ಸೋಯಾ ಪನೀರ್. ತೋಫು ಬೇಡ ಅನ್ನುವುದರಿಂದಲೇ ನೋಟೋ ಫಾಂಟ್‌ಗೆ ಆ ಹೆಸರು. ಅದರ ಚೀನಾ-ಜಪಾನ್-ಕೊರಿಯಾ ಭಾಗ 2014ರಲ್ಲಿ ಬಂತು. ಅದು ಇದ್ದರೆ ಚೌಕ ಹೋಗುತ್ತದೆ. ಆದರೆ ಒಂದು ಸೂಕ್ಷ್ಮ ಉಳಿಯುತ್ತದೆ. ಎಲ್ಲ ಭಾಷೆಯ ಅಕ್ಷರಕ್ಕೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಚೀನೀ ಮತ್ತು ಜಪಾನಿ ಅಕ್ಷರಗಳಿಗೆ ಬಹುಮಟ್ಟಿಗೆ ಒಂದೇ ಸಂಖ್ಯೆ. ರೂಪ ಬದಲಾಗುವುದು ಫಾಂಟ್‌ನಲ್ಲಿ. ‘ಮೂಳೆ’ ಅನ್ನುವ ಅಕ್ಷರ ನೋಡಿ: ತಲೆಯೊಳಗಿನ ಪುಟ್ಟ ಮೂಲೆ ಚೀನಾದಲ್ಲಿ ಎಡಕ್ಕೆ, ಜಪಾನಿನಲ್ಲಿ ಬಲಕ್ಕೆ. ತಪ್ಪು ಫಾಂಟ್‌ನಲ್ಲಿ ಪ್ರಿಂಟ್ ತೆಗೆದು ಕೊಟ್ಟರೆ ಜಪಾನಿನವರು ಏನೂ ಹೇಳುವುದಿಲ್ಲ, ಆದರೆ ಹುಬ್ಬು ಸ್ವಲ್ಪ ಮೇಲೇಳುತ್ತದೆ. ಫಾಂಟ್ ಹೆಸರಿನ ಕೊನೆಯಲ್ಲಿ ಜೆಪಿ ಅಂತ ಇರುವುದನ್ನೇ ಆರಿಸಿ.

ಲಿಬ್ರೆ ಆಫೀಸ್‌ನಲ್ಲಿ ಟೂಲ್ಸ್, ಆಪ್ಷನ್ಸ್, ಭಾಷೆಗಳ ಭಾಗಕ್ಕೆ ಹೋಗಿ ಏಷ್ಯನ್ ಅಂತ ಇರುವುದಕ್ಕೆ ಗುರುತು ಹಾಕಿ, ಜಾಪನೀಸ್ ಆರಿಸಿ. ಕನ್ನಡ ಅಲ್ಲಿ ಏಷ್ಯನ್ ಅಲ್ಲ! ನಾವು ‘ಕಾಂಪ್ಲೆಕ್ಸ್’ ಪಟ್ಟಿಯಲ್ಲಿದ್ದೇವೆ. ಬೇಜಾರು ಮಾಡಿಕೊಳ್ಳದೆ ಎರಡಕ್ಕೂ ಗುರುತು ಹಾಕಿದರೆ ಒಂದೇ ಪುಟದಲ್ಲಿ ಎರಡೂ ಭಾಷೆಗೆ ಬೇರೆ ಬೇರೆ ಫಾಂಟ್ ಇಟ್ಟುಕೊಳ್ಳಬಹುದು.

ಚೀನೀ ಕಲಿಯುವವರಿಗೆ ಅಂಚೆಯವನು ಅವನೇ, ಪಂಡಿತ ಲಿಬ್‌ಪಿನ್‌ಯಿನ್. ಕೊರಿಯನ್‌ಗೆ ಐಬಸ್ ಹಂಗುಲ್. ಕೊರಿಯನ್ ನಮಗೆ ಎಲ್ಲಕ್ಕಿಂತ ಸುಲಭ. ವ್ಯಂಜನಗಳು ಎಡಗೈಗೆ, ಸ್ವರಗಳು ಬಲಗೈಗೆ, ಸೇರಿದಾಗ ಗುಣಿತದ ಹಾಗೆ ಒಂದೇ ಅಕ್ಷರವಾಗಿ ಕೂರುತ್ತದೆ. ಪಟ್ಟಿ ನೋಡಿ ಆರಿಸುವ ಗೋಜೇ ಇಲ್ಲ.

ಕನ್ನಡವನ್ನೂ ಇದೇ ಐಬಸ್‌ಗೆ ಸೇರಿಸಿಕೊಳ್ಳಿ. ಎಂ17ಎನ್ ಎಂಬ ಹೆಸರಿನಲ್ಲಿ ಕನ್ನಡದ ಹಲವು ವಿನ್ಯಾಸಗಳು ಸಿಗುತ್ತವೆ. ಕೆಜಿಪಿ ಅಂತ ಇರುವುದು ನುಡಿಯವರಿಗೆ ಗೊತ್ತಿರುವ, ಕೆ.ಪಿ. ರಾವ್ ಅವರ ವಿನ್ಯಾಸ. ಈ ಎಂ17ಎನ್ ಎಲ್ಲಿಂದ ಬಂತು ಗೊತ್ತಾ? ಜಪಾನಿನ ಎಐಎಸ್‌ಟಿ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆಯಿಂದ. ಬಹುಭಾಷೆಗೆ ಸಜ್ಜುಮಾಡುವುದು ಅನ್ನುವ ಅರ್ಥದ ಉದ್ದ ಇಂಗ್ಲಿಷ್ ಪದದಲ್ಲಿ ಎಂ ಮತ್ತು ಎನ್ ನಡುವೆ 17 ಅಕ್ಷರ ಇವೆ, ಅದಕ್ಕೇ ಆ ಹೆಸರು. ಲಿನಕ್ಸ್‌ನಲ್ಲಿ ನಾನು ಕನ್ನಡ ಬರೆಯುವುದೂ ಜಪಾನಿನವರು ಹಾಕಿಕೊಟ್ಟ ದಾರಿಯಲ್ಲಿ ಅಂತ ನಮ್ಮ ಮೇಲಿನವರಿಗೆ ಊಟದ ಹೊತ್ತಿನಲ್ಲಿ ಹೇಳಿದೆ. ಅವರಿಗೂ ಗೊತ್ತಿರಲಿಲ್ಲ.

ಕೊನೆಯದಾಗಿ ಡಿಕ್ಷನರಿ ಟೂಲ್. ಮೊಝ್ಕ್ ಗುರುತಿನ ಮೆನುವಿನ ಟೂಲ್ಸ್‌ನಲ್ಲಿದೆ. ಪಂಡಿತನಿಗೆ ಬಿಡದಿ, ರಾಮನಗರ, ಸಹೋದ್ಯೋಗಿಗಳ ಹೆಸರು, ನಮ್ಮ ಲೈನಿನ ಪಾರ್ಟುಗಳ ಹೆಸರು ಯಾವುದೂ ಗೊತ್ತಿಲ್ಲ. ಅವನ್ನು ಇಲ್ಲಿ ಕಲಿಸಬಹುದು: ರೀಡಿಂಗ್ ಅನ್ನುವ ಜಾಗದಲ್ಲಿ ಹಿರಗಾನದಲ್ಲಿ ಗಿಡ್ಡ ಗುರುತು, ವರ್ಡ್ ಅನ್ನುವ ಜಾಗದಲ್ಲಿ ಬೇಕಾದ ಪದ. ನಾನು ‘ಬಿ’ ಅಂತ ಬರೆದು ಸ್ಪೇಸ್ ಒತ್ತಿದರೆ ಬಿಡದಿ ಕತಕಾನದಲ್ಲಿ ಬರುತ್ತದೆ. ಹೀಗೆ ಎರಡು ವರ್ಷದಲ್ಲಿ ಮುನ್ನೂರು ಚಿಲ್ಲರೆ ಪದ ಸೇರಿಸಿದ್ದೆ. ಹಾರ್ಡ್‌ಡಿಸ್ಕ್ ಹೋದಾಗ ಅವೂ ಹೋದವು. ಅದೇ ಟೂಲ್‌ನಲ್ಲಿ ಎಕ್ಸ್‌ಪೋರ್ಟ್ ಅಂತ ಇದೆ. ತಿಂಗಳಿಗೊಮ್ಮೆ ಅದನ್ನು ಒತ್ತಿ, ಬಂದ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ನನ್ನ ಹೊಸ ಪಟ್ಟಿ ಈಗ ನೂರಾ ನಲವತ್ತಕ್ಕೆ ಬಂದಿದೆ. ಅದರಲ್ಲಿ ಮೊದಲನೆಯ ಪದ ಯಂತ್ರ.